ಉಸಿರಕ್ಕ ಹಿಂದಿರುಗಿಸಿದ ಮಾತು

ಪ್ರಸೂತಿ ಶುಶ್ರೂಷೆಯ ವೃತ್ತಿಯಲ್ಲಿ ಕೈಗುಣಕ್ಕೆ ಹೆಸರಾದವರು ಅನೇಕರಿದ್ದಾರೆ. ಮಾತಿನ ಗುಣಕ್ಕೆ ಹೆಸರಾದವರು ವಿರಳ. ಹೆರಿಗೆ ಕೋಣೆಯಲ್ಲಿ ಆಡುವ ಮಾತು ಅಲ್ಲಿ ಬಳಸುವ ಕತ್ತರಿಯಷ್ಟೇ ಶುಚಿಯಾಗಿರಬೇಕು ಎಂದು ನಂಬಿದವರು, ಆ ನಂಬಿಕೆಯನ್ನು ಸೇವಾವಧಿಯುದ್ದಕ್ಕೂ ನಡೆಸಿಕೊಂಡು ಬಂದವರು, ಒಮ್ಮೆ ಆ ನಂಬಿಕೆಯಲ್ಲೇ ಎಡವಿ, ಎಡವಿದ್ದನ್ನು ಎಲ್ಲರೆದುರು ಹೇಳಿ ತಿದ್ದಿಕೊಂಡವರು ನಮ್ಮ ಉಸಿರಕ್ಕ. ಹೆರಿಗೆ ಆಸ್ಪತ್ರೆಯ ಹಿರಿಯ ಶುಶ್ರೂಷಕಿಯಾಗಿ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಹಿಪ್ನೋಬರ್ತಿಂಗ್ ಎಂದು ಕರೆಯಲಾಗುವ, ಉಸಿರು, ಸಡಿಲಿಕೆ, ಮನಸ್ಸಿನ ಚಿತ್ರ ಮತ್ತು ಮೆಲುಮಾತಿನ ಮೂಲಕ ಹೆರಿಗೆಗೆ ಸಿದ್ಧವಾಗುವ ಕ್ರಮವನ್ನು ಈ ಊರಿಗೆ ತಂದವರು ಅವರು.

ನಾನು ವೈದ್ಯೆಯಲ್ಲ, ಶುಶ್ರೂಷಕಿಯೂ ಅಲ್ಲ. ಪತ್ರಿಕೆಯ ಆರೋಗ್ಯ ಪುಟವನ್ನು ನೋಡಿಕೊಳ್ಳುತ್ತಿದ್ದವಳು. ಮೊದಲು ವರದಿಗಾರ್ತಿಯಾಗಿ, ಆಮೇಲೆ ತುಂಬು ಬಸುರಿಯಾಗಿ ಅವರ ಚಾಪೆಯ ಮೇಲೆ ಕುಳಿತು ಕಲಿತವಳು. ಅವರ ಈ ಅಭಿನಂದನ ಸಂಪುಟಕ್ಕೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಉಸಿರಕ್ಕನವರ ಅನುಮತಿ ಪಡೆಯಲು ಹೋಗಿದ್ದೆ. ಹೊಗಳಿಕೆ ಎಷ್ಟು ಬೇಕಾದರೂ ಬರೆದುಕೊಳ್ಳಲು ಅವರ ಅಡ್ಡಿಯಿರಲಿಲ್ಲ. ಒಂದೇ ಷರತ್ತು ಹಾಕಿದರು. "ಆ ದರ್ಜಿ ಹುಡುಗಿ ವಿಷಯ ಬಿಡಬೇಡಿ. ಅದನ್ನ ಬಿಟ್ಟು ಬರೆದ್ರೆ ಅದು ಬೇರೆ ಯಾರದೋ ಕತೆ ಆಗುತ್ತೆ, ನನ್ನದಲ್ಲ."

ಆ ಷರತ್ತಿಗೆ ಬದ್ಧಳಾಗಿಯೇ ಬರೆಯುತ್ತಿದ್ದೇನೆ.

ಉಸಿರಕ್ಕ ಸೇವೆಗೆ ಸೇರಿದ ಕಾಲದಲ್ಲಿ ಹೆರಿಗೆ ಕೋಣೆಯ ಭಾಷೆ ಎರಡೇ ಬಗೆಯದಾಗಿತ್ತು: ಗದರಿಕೆ ಮತ್ತು ಆಜ್ಞೆ. ಕೂಗಬೇಡ, ಕದಲಬೇಡ, ಕಾಲು ಮಡಿಸು, ಮುಕ್ಕು. ಹಾಗೆ ಗದರುತ್ತಿದ್ದವರು ಕೆಟ್ಟವರೇನಲ್ಲ. ಅವರನ್ನೂ ಯಾರೋ ಹಾಗೆಯೇ ಗದರಿ ಬೆಳೆಸಿದ್ದರು. ಹೊಸ ನೌಕರಿಯ ಉತ್ಸಾಹದಲ್ಲಿದ್ದ ಉಸಿರಕ್ಕನವರ ಗಂಟಲು ಇಡೀ ವಾರ್ಡಿನಲ್ಲಿ ಎಲ್ಲರಿಗಿಂತ ದೊಡ್ಡದಾಗಿತ್ತಂತೆ. ಇದನ್ನು ಅವರೇ ನಗುತ್ತ ಹೇಳುತ್ತಾರೆ.

ಬದಲಾವಣೆ ಬಂದದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಪರೀಕ್ಷೆಯಿಂದ. ನರ್ಸಿಂಗ್ ಶಾಲೆಯ ಕಟ್ಟಡದ ಚಾವಣಿ ರಿಪೇರಿಗೆ ಬಂದು, ಆ ವರ್ಷದ ವಾರ್ಷಿಕ ಪರೀಕ್ಷೆಯನ್ನು ಹೆರಿಗೆ ವಾರ್ಡಿನ ಪಕ್ಕದ ಹಾಲಿನಲ್ಲಿ ನಡೆಸಬೇಕಾಯಿತು. ಪರೀಕ್ಷೆ ಮುಗಿಯುವವರೆಗೆ ವಾರ್ಡಿನಲ್ಲಿ ಯಾರೂ ದನಿಯೆತ್ತಬಾರದೆಂದು ಆಜ್ಞೆ ಬಂತು. ಟ್ರೇಗಳ ಕೆಳಗೆ ಬಟ್ಟೆ ಹಾಸಿದರು, ಬಾಗಿಲಿಗೆ ಪರದೆ ಎಳೆದರು, ಶುಶ್ರೂಷಕಿಯರು ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟತೊಡಗಿದರು. ಹೆರುವವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ; ಅವರಿಗೆ ಪರೀಕ್ಷೆಯ ಗೊಡವೆಯೇ ಇರಲಿಲ್ಲ. ಆದರೂ ಆ ದಿನಗಳಲ್ಲಿ ಅವರು ಕೂಗಿದ್ದು ಕಡಿಮೆ, ಹೆದರಿದ್ದು ಕಡಿಮೆ. ಪರೀಕ್ಷೆ ಮುಗಿದ ಮರುದಿನ ವಾರ್ಡಿಗೆ ಹಳೆಯ ಗದ್ದಲ ಮರಳಿತು; ಅದರ ಹಿಂದೆಯೇ ಕಿರುಚಾಟವೂ ಮರಳಿತು. ಇದು ಎಲ್ಲರ ಕಣ್ಣೆದುರೇ ನಡೆದದ್ದು. ಇದರ ಬಗ್ಗೆ ಯೋಚಿಸುತ್ತ ಕುಳಿತವರು ಉಸಿರಕ್ಕ ಒಬ್ಬರೇ.

ಮುಂದೆ ಅವರು ರಜೆ ಹಾಕಿ ಬೇರೆ ಊರಿಗೆ ಹೋಗಿ ಈ ಕ್ರಮದ ತರಬೇತಿ ಪಡೆದರು, ಹಿಂದಿರುಗಿ ಆಸ್ಪತ್ರೆಯಲ್ಲಿ ಒಂದು ತರಗತಿ ಆರಂಭಿಸಲು ಅನುಮತಿ ಕೇಳಿದರು. ಅನುಮತಿ ಕೊಟ್ಟವರು ಆಸ್ಪತ್ರೆಯ ಹಿರಿಯ ವೈದ್ಯೆ. ಅವರಿಗೆ ಈ ಕ್ರಮದಲ್ಲಿ ಹೆಚ್ಚಿನ ನಂಬಿಕೆಯೇನೂ ಇರಲಿಲ್ಲ. ಹೆದರಿಕೆ ಕಡಿಮೆಯಾಗುವುದಾದರೆ ಒಳ್ಳೆಯದೇ, ಆದರೆ ಯಾರಿಗೂ ನೋವಿಲ್ಲದ ಹೆರಿಗೆಯ ಭರವಸೆ ಕೊಡಕೂಡದು ಎಂದು ಹೇಳಿ ಸಹಿ ಹಾಕಿದರು. ಉಸಿರಕ್ಕ ಆ ಭರವಸೆಯನ್ನು ಎಂದೂ ಕೊಡಲಿಲ್ಲ. ಈ ಬಗ್ಗೆ ನಡೆದ ಸಂಶೋಧನೆಗಳೆಲ್ಲ ಒಂದೇ ಮಾತು ಹೇಳುವುದಿಲ್ಲವೆಂಬುದನ್ನೂ ಅವರು ಮೊದಲ ಪಾಠದಲ್ಲೇ ತಿಳಿಸುತ್ತಿದ್ದರು.

ತರಗತಿಗೆ ಸಿಕ್ಕಿದ್ದು ಹಳೆಯ ಇಸ್ತ್ರಿ ಕೋಣೆ. ಗೋಡೆಗೆ ಗಂಜಿಯ ವಾಸನೆ ಅಂಟಿಕೊಂಡಿತ್ತು. ಬೇಸಿಗೆಯಲ್ಲಿ ಈಗಲೂ ಅದು ಬರುತ್ತದೆ. ಕಿಟಕಿಯ ಹೊರಗೆ ಬೀದಿ, ಬೀದಿಯಾಚೆ ಸೈಕಲ್ ರಿಪೇರಿ ಅಂಗಡಿ. ಅಂಗಡಿಯವನು ಟ್ಯೂಬಿನ ಗಾಳಿ ಬಿಟ್ಟಾಗ ಬರುವ ಉದ್ದನೆಯ ಸದ್ದು ಕೋಣೆಯೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬೇರೆಯವರಾಗಿದ್ದರೆ ಕಿಟಕಿ ಮುಚ್ಚುತ್ತಿದ್ದರು. ಉಸಿರಕ್ಕ ಅದನ್ನೇ ಪಾಠ ಮಾಡಿಕೊಂಡರು. ಉಸಿರು ಒಳಗೆಳೆಯುವುದು ಚಿಕ್ಕದಾಗಿರಲಿ, ಬಿಡುವುದು ಹಾಗೆ ಉದ್ದವಾಗಿರಲಿ, ಭುಜ ತಾನಾಗಿ ಇಳಿಯಲಿ. ಆಪರೇಷನ್ ಥಿಯೇಟರಿನವರು ಇದಕ್ಕೆ 'ಪಂಕ್ಚರ್ ಕ್ಲಾಸು' ಎಂದು ಹೆಸರಿಟ್ಟರು, ಕಲಿಸುವವರಿಗೆ ಉಸಿರಕ್ಕ ಎಂದರು. ಎರಡೂ ಗೇಲಿಗಾಗಿ ಹುಟ್ಟಿದ ಹೆಸರುಗಳು. ಮೊದಲನೆಯದು ಸವೆದುಹೋಯಿತು, ಎರಡನೆಯದು ಗೌರವವಾಗಿ ಉಳಿಯಿತು.

ನಾನು ಆ ಕೋಣೆಗೆ ಮೊದಲು ಹೋದದ್ದು ಸಂಶಯದಿಂದ. ಆಸ್ಪತ್ರೆಯಲ್ಲಿ ಬಸುರಿಯರಿಗೆ ಸಮ್ಮೋಹನ ವಿದ್ಯೆ ಪ್ರಯೋಗಿಸುತ್ತಿದ್ದಾರೆಂಬ ದೂರು ಪತ್ರಿಕೆಗೆ ಬಂದಿತ್ತು. ಬಹುಶಃ ಹೆಸರಿನ ಮೊದಲರ್ಧ ಕೇಳಿ ಬರೆದ ದೂರು. ನಾನು ಹೋದ ದಿನ ಒಬ್ಬ ಹಿರಿಯರು ಸೊಸೆಯನ್ನು ಸೇರಿಸಲು ಬಂದು, ಬಾಗಿಲಲ್ಲೇ ನಿಂತು, ಎಚ್ಚರವಾದ ಮೇಲೆ ಹುಡುಗಿ ಮನೆಯವರನ್ನು ಗುರುತು ಹಿಡಿಯುತ್ತಾಳೆಯೇ ಎಂದು ಗಂಭೀರವಾಗಿ ವಿಚಾರಿಸಿದರು. "ಹಿಡೀತಾಳೆ ಮಾವನೋರೇ," ಎಂದರು ಉಸಿರಕ್ಕ. "ಹಿಡೀಬಾರದು ಅಂತ ಅವಳಿಗೇ ಅನ್ನಿಸಿದ್ರೆ ಅದಕ್ಕೆ ನಾನು ಜವಾಬ್ದಾರಳಲ್ಲ." ಹಿರಿಯರು ನಕ್ಕರು. ನಾನು ಕಂಡದ್ದನ್ನು ಕಂಡಂತೆ ಬರೆದೆ: ಅಲ್ಲಿ ಯಾರನ್ನೂ ನಿದ್ದೆಗೆ ಕೆಡವುವುದಿಲ್ಲ, ಕಲಿಯುವವಳು ಪೂರ್ತಿ ಎಚ್ಚರದಲ್ಲಿದ್ದು, ತನ್ನ ಮೈಯನ್ನು ತಾನೇ ಸಡಿಲ ಬಿಡುವುದನ್ನು ಅಭ್ಯಾಸ ಮಾಡುತ್ತಾಳೆ, ಅಷ್ಟೇ.

ಕೆಲವು ವರ್ಷಗಳ ನಂತರ ನನ್ನ ಸರದಿ ಬಂತು. ಆ ಹೊತ್ತಿಗೆ ತರಗತಿ ತುಂಬಿ ತುಳುಕುತ್ತಿತ್ತು, ಮತ್ತು ಅದಕ್ಕೊಂದು ಕಟ್ಟುನಿಟ್ಟಿನ ನಿಯಮ ಬಂದಿತ್ತು. ಇಸ್ತ್ರಿ ಕೋಣೆಯಲ್ಲಿ 'ನೋವು' ಎಂಬ ಪದ ಆಡಕೂಡದು. ಇದು ಉಸಿರಕ್ಕನವರ ಸ್ವಂತ ಕಲ್ಪನೆಯಲ್ಲ. ಹೆದರಿಸುವ ಪದಗಳ ಬದಲು ಹೆದರಿಸದ ಪದಗಳನ್ನು ಬಳಸುವುದು ಈ ಕ್ರಮದಲ್ಲಿ ಎಲ್ಲೆಡೆ ಇರುವ ರೂಢಿ. ಆದರೆ ನಮ್ಮ ಭಾಷೆಯಲ್ಲಿ ಅದು ಸುಲಭವಲ್ಲ. ನಮ್ಮಲ್ಲಿ ಹೆರಿಗೆ ಶುರುವಾಯಿತು ಎನ್ನುವುದಕ್ಕೇ 'ನೋವು ಬಂತು' ಎನ್ನುತ್ತೇವೆ. ಹೆತ್ತವಳನ್ನು 'ನೋವು ತಿಂದವಳು' ಎನ್ನುತ್ತೇವೆ. ಬೇನೆ ಎಂದರೂ ಅದೇ, ಬ್ಯಾನಿ ಎಂದರೂ ಅದೇ. ಉಸಿರಕ್ಕ ಇದಕ್ಕೆಲ್ಲ ಬದಲಾಗಿ 'ಅಲೆ' ಎಂಬ ಪದ ಕೊಟ್ಟರು. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ನಿಯಮ ಮುರಿದವರು ಎಲ್ಲರೆದುರು ನಿಂತು ಸೈಕಲ್ ಟ್ಯೂಬಿನಷ್ಟು ಉದ್ದದ ಉಸಿರು ಬಿಡಬೇಕಿತ್ತು. ಗಂಡಂದಿರಿಗೂ ವಿನಾಯಿತಿ ಇರಲಿಲ್ಲ. ಚಾಪೆಯ ಮೇಲೆ ಕುಳಿತು ಏಳಲಾರದೆ ನನ್ನ ಯಜಮಾನರು ಒಮ್ಮೆ, "ಅಕ್ಕ, ನನ್ನ ಮಂಡೀಲಿ ಅಲೆ ಬರ್ತಿದೆ," ಎಂದು ದೂರಿದ್ದು ಆ ತಂಡದಲ್ಲಿ ಬಹುಕಾಲ ಉಳಿದ ನಗೆಮಾತು.

ನನ್ನ ಹೆರಿಗೆ ನೋವಿಲ್ಲದ ಹೆರಿಗೆಯಾಗಿರಲಿಲ್ಲ. ದಾಖಲೆಗಾಗಿ ಇದನ್ನು ಹೇಳಬೇಕು. ಆದರೆ ಹೆದರಿಕೆಯಿಲ್ಲದ ಹೆರಿಗೆಯಾಗಿತ್ತು. ಪ್ರತಿ ಸಲವೂ ಉಸಿರಕ್ಕ ನನ್ನ ಹುಬ್ಬುಗಳ ನಡುವೆ ಬೆರಳಿಟ್ಟು, "ಇಲ್ಲಿ ಗಂಟು ಬೇಡ," ಎನ್ನುತ್ತಿದ್ದರು. ಗಂಟು ಬಿಚ್ಚುತ್ತಿತ್ತು; ಅದರ ಜೊತೆ ದವಡೆ, ಅದರ ಜೊತೆ ಭುಜ. ನನ್ನದು ಸುಸೂತ್ರವಾದ್ದರಿಂದ ಆ ನಿಯಮದಲ್ಲಿ ಬಿರುಕಿದೆಯೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಉಸಿರಕ್ಕನವರ ಉಪಕಾರಗಳನ್ನು ಬರೆಯುತ್ತ ಹೋದರೆ ಸಂಪುಟ ಸಾಲದು. ಒಂದನ್ನು ಮಾತ್ರ ಹೇಳುತ್ತೇನೆ. ನನ್ನ ತಂಡದಲ್ಲಿದ್ದ ಶಾಲಾ ಶಿಕ್ಷಕಿಯೊಬ್ಬರಿಗೆ ಮಗು ಅಡ್ಡಲಾಗಿ ನಿಂತು ಆಪರೇಷನ್ ಮಾಡಬೇಕಾಯಿತು. ಇಷ್ಟೆಲ್ಲ ಕಲಿತೂ ತಾನು ಫೇಲಾದೆನೆಂದು ಆಕೆ ಅಳುತ್ತಿದ್ದರು. ಉಸಿರಕ್ಕ ಪಾಳಿ ಮುಗಿದಿದ್ದರೂ ಮನೆಗೆ ಹೋಗದೆ, ಗೌನು ತೊಟ್ಟು ಥಿಯೇಟರಿನೊಳಗೆ ಹೋಗಿ ಆಕೆಯ ತಲೆಯ ಬಳಿ ನಿಂತರು. "ಇದು ಪರೀಕ್ಷೆ ಅಲ್ಲಮ್ಮ, ಪರೀಕ್ಷೆ ಪಕ್ಕದ ಹಾಲಲ್ಲಿ ನಡೆದಿತ್ತು, ಅದೂ ಯಾವತ್ತೋ ಮುಗೀತು," ಎಂದರಂತೆ. ಆ ಹಳೆಯ ಸಂಗತಿ ಶಿಕ್ಷಕಿಗೆ ಗೊತ್ತಿರಲಿಲ್ಲ. ಆದರೂ ಅಳು ನಿಂತಿತು. ಚಾಪೆಯ ಮೇಲೆ ಕಲಿತ ಉಸಿರು ಆ ಮೇಜಿನ ಮೇಲೂ ಕೆಲಸಕ್ಕೆ ಬಂತು.

ಇನ್ನು ದರ್ಜಿ ಹುಡುಗಿಯ ವಿಷಯ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆಕೆ, ಆಕೆಯ ಅತ್ತೆ, ಉಸಿರಕ್ಕ ಮತ್ತು ಹಿರಿಯ ವೈದ್ಯೆ, ಈ ನಾಲ್ವರನ್ನೂ ಬೇರೆಬೇರೆಯಾಗಿ ಕೇಳಿ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎಲ್ಲಿ ಕೂಡುತ್ತದೆಯೋ ಅಷ್ಟನ್ನು ಮಾತ್ರ ಬರೆದಿದ್ದೇನೆ.

ಆಕೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅತ್ತೆಯ ಜೊತೆ ಹೊಲಿಗೆ ಅಂಗಡಿ ನಡೆಸುವವಳು. ಅತ್ತೆ ಕತ್ತರಿಸುವವರು, ಸೊಸೆ ಹೊಲಿಯುವವಳು. ಅತ್ತೆಯ ಕತ್ತರಿಯಷ್ಟೇ ಬಾಯಿಯೂ ಹರಿತವೆಂದು ಗಿರಾಕಿಗಳಿಗೆ ಗೊತ್ತು. ಗಂಡ ಲಾರಿ ಓಡಿಸುವವನಾದ್ದರಿಂದ ತರಗತಿಗೆ ಜೊತೆಯಾಗಿ ಅತ್ತೆಯೇ ಬರುತ್ತಿದ್ದರು. ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಳ್ಳುವ ಪಾಠ ಬಂದಾಗ ಹುಡುಗಿ, ತಾನು ಸಮುದ್ರವನ್ನೇ ನೋಡಿಲ್ಲ, ಅಲೆ ಎಂದರೆ ಟಿವಿಯ ಜಾಹೀರಾತು ನೆನಪಾಗುತ್ತದೆ ಎಂದಳು. ಹಾಗಾದರೆ ಅಂಗಡಿಯಲ್ಲಿ ಮನಸ್ಸಿಗೆ ಹಿತವೆನಿಸುವುದು ಯಾವುದು ಎಂದು ಉಸಿರಕ್ಕ ಕೇಳಿದರು. ರಟ್ಟಿಗೆ ಸುತ್ತಿದ ಹೊಸ ಬಟ್ಟೆಯ ಥಾನನ್ನು ಮೇಜಿನ ಮೇಲೆ ಉರುಳಿಸಿ ಬಿಚ್ಚುವುದು, ಎಂದಳು. ಬಟ್ಟೆ ಬಿಚ್ಚುತ್ತ ಬಿಚ್ಚುತ್ತ ಕೊನೆಗೆ ಒಳಗಿನ ರಟ್ಟು ಟಕ್ಕೆಂದು ಮೇಜಿಗೆ ಬೀಳುತ್ತದೆ. ಆ ಸದ್ದು ಚೆಂದ. ಅದೇ ಆಕೆಯ ಚಿತ್ರವಾಯಿತು. ಒಂದು ಅಲೆ ಎಂದರೆ ಒಂದು ಥಾನು. ಬಿಚ್ಚಬೇಕು, ರಟ್ಟು ಬೀಳುವವರೆಗೆ. "ಹೆರೋಕೆ ಹೋದಾಗಲೂ ಅಂಗಡಿ ಚಿಂತೆ ಬಿಡಲ್ಲ ನೋಡಿ ಇವಳು," ಎಂದು ಅತ್ತೆ ಛೇಡಿಸಿದರು. ಆದರೆ ಅಂದಿನಿಂದ ಅಂಗಡಿಯಲ್ಲಿ ಥಾನು ಬಿಚ್ಚುವ ಕೆಲಸವನ್ನು ಸೊಸೆಗೇ ಬಿಟ್ಟುಕೊಟ್ಟರು.

ದಿನ ತುಂಬಿ ಆಕೆ ಬೆಳಿಗ್ಗೆ ಆಸ್ಪತ್ರೆಗೆ ಬಂದಳು. ಎಲ್ಲ ಸರಿಯಾಗಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು. ಕಣ್ಣು ಮುಚ್ಚಿ, ಕೈ ಸಡಿಲ ಬಿಟ್ಟು, ಥಾನು ಬಿಚ್ಚುತ್ತ ಮಲಗಿದ್ದ ಆಕೆಯನ್ನು ಪಕ್ಕದ ಹಾಸಿಗೆಯವರು ತಲೆಯೆತ್ತಿ ನೋಡುತ್ತಿದ್ದರಂತೆ. ಪಾಳಿಯಲ್ಲಿದ್ದ ನರ್ಸ್ ಅನುಭವಸ್ಥೆ. ಉಸಿರಕ್ಕನ ತರಗತಿಗೆ ನೆರವಾಗುತ್ತಿದ್ದವರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕಣ್ಣು ತೆರೆಯದೆಯೇ ಮೆಲ್ಲಗೆ, "ಥಾನು ಮುಗೀತಾನೇ ಇಲ್ಲ," ಎಂದಳು.

ನರ್ಸ್ ಆಕೆಯ ಭುಜ ಸವರಿದರು. "ಎಷ್ಟು ಚೆನ್ನಾಗಿ ಬಿಚ್ತಾ ಇದೀಯಮ್ಮ. ಹಾಗೇ ಬಿಚ್ಚು."

ಇದನ್ನು ಬರೆಯುವಾಗ ನನಗೆ ಆ ನರ್ಸಿನ ಮೇಲೆ ಸಿಟ್ಟು ಬರುವುದಿಲ್ಲ. ಆ ಕೋಣೆಯಲ್ಲಿ ಕಲಿತ ಯಾರಿಗೇ ಆಗಲಿ ಅದು ಒಳ್ಳೆಯ ಶಿಷ್ಯೆಯ ಮಾತಿನಂತೆಯೇ ಕೇಳಿಸುತ್ತಿತ್ತು. ಥಾನು ಮುಗಿಯಲೇಬೇಕು, ರಟ್ಟು ಬೀಳಲೇಬೇಕು, ಎರಡು ಅಲೆಗಳ ನಡುವೆ ಹೊಟ್ಟೆ ಮೆತ್ತಗಾಗಲೇಬೇಕು. ಮುಗಿಯುತ್ತಿಲ್ಲವೆಂದರೆ ಅದು ಅಲೆಯೇ ಅಲ್ಲ. ಹುಡುಗಿ ತನಗೆ ಕೊಟ್ಟಿದ್ದ ಮಾತುಗಳಲ್ಲೇ ಸತ್ಯವನ್ನು ಹೇಳಿದ್ದಳು. ಆ ಮಾತುಗಳು ಎಷ್ಟು ಇಂಪಾಗಿದ್ದವೆಂದರೆ, ಒಳಗಿದ್ದ ಅಪಾಯ ಯಾರ ಕಿವಿಗೂ ಬೀಳಲಿಲ್ಲ.

ಬಿದ್ದದ್ದು ಅತ್ತೆಯ ಕಣ್ಣಿಗೆ. ಉಸಿರಕ್ಕ ಆಗ ಇಸ್ತ್ರಿ ಕೋಣೆಯಲ್ಲಿ ಬೇರೊಂದು ತಂಡಕ್ಕೆ ಪಾಠ ಹೇಳುತ್ತಿದ್ದರು. ಅತ್ತೆ ವರಾಂಡ ದಾಟಿ ಬಂದು ಬಾಗಿಲಲ್ಲಿ ನಿಂತರು. ಅಷ್ಟು ಹರಿತ ನಾಲಗೆಯ ಹೆಂಗಸು ಮಾತು ಹೊರಡದೆ ಸೆರಗು ಹಿಂಡುತ್ತ ನಿಂತದ್ದನ್ನು ಕಂಡು ಉಸಿರಕ್ಕ ಪಾಠ ನಿಲ್ಲಿಸಿದರು.

"ಇಲ್ಲಿ ಆ ಮಾತು ಆಡೋ ಹಾಗಿಲ್ಲ ಅಂತ ಗೊತ್ತಕ್ಕ," ಎಂದರು ಅತ್ತೆ. "ಆದ್ರೆ ಅವಳಿಗೆ ಅದೇ ಆಗ್ತಿದೆ. ಸೂಜಿ ಉಗುರೊಳಗೆ ಹೋದಾಗ ಅವಳು ಹೀಗೇ ಸುಮ್ಮನಾಗೋದು. ಇದು ಸಮಾಧಾನದ ಮೌನ ಅಲ್ಲ, ಹಲ್ಲು ಕಚ್ಚಿದ ಮೌನ."

ಉಸಿರಕ್ಕ ಓಡಿದರು. ಹೊಟ್ಟೆಯ ಮೇಲೆ ಅಂಗೈಯಿಟ್ಟರು. ಹಲಗೆಯಂತಿತ್ತು. ಮೆತ್ತಗಾಗಲೆಂದು ಕಾದರು; ಆಗಲಿಲ್ಲ. ಬಗ್ಗಿ, "ನೋವಾ?" ಎಂದು ಕೇಳಿದರು. ಎಷ್ಟೋ ವರ್ಷಗಳಿಂದ ಅವರ ಬಾಯಲ್ಲಿ ಬಾರದಿದ್ದ ಪದ.

ಹುಡುಗಿ ಕಣ್ಣು ತೆರೆದಳು. "ಹೇಳಬಹುದಾ ಅಕ್ಕ?"

"ಹೇಳು ತಾಯಿ."

"ನೋವು. ಬಿಡ್ತಾನೇ ಇಲ್ಲ."

ಮಗುವನ್ನು ಪೋಷಿಸುವ ಮಾಸು ಹೊತ್ತಿಗೆ ಮುಂಚೆಯೇ ಗರ್ಭಕೋಶದ ಗೋಡೆಯಿಂದ ಕಿತ್ತುಕೊಳ್ಳತೊಡಗಿತ್ತು. ಒಳಗೇ ರಕ್ತಸ್ರಾವವಾಗುತ್ತಿತ್ತು, ಹೊರಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಮಗುವಿನ ಎದೆಬಡಿತ ಈಗ ಇಳಿಯುತ್ತಿತ್ತು. ಹಿರಿಯ ವೈದ್ಯೆ ಬಂದರು. ಒಂದು ಪ್ರಶ್ನೆಯನ್ನೂ ವ್ಯರ್ಥಮಾಡದೆ ಥಿಯೇಟರಿಗೆ ಕರೆದೊಯ್ದರು. ಹುಟ್ಟಿದ ಹೆಣ್ಣುಮಗು ಕೂಡಲೇ ಅಳಲಿಲ್ಲ. ಮಕ್ಕಳ ವೈದ್ಯರು ಅಳಿಸಿದರು, ಶಿಶು ವಾರ್ಡಿನಲ್ಲಿಟ್ಟರು, ತಾಯಿಗೆ ರಕ್ತ ಕೊಟ್ಟರು. ಇಬ್ಬರೂ ಉಳಿದರು. ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಹಿರಿಯ ವೈದ್ಯೆಯನ್ನು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. ಅದನ್ನೇ ಉತ್ತರವೆಂದು ಬರೆದುಕೊಂಡೆ.

ತಾಯಿ ಮಗು ಕ್ಷೇಮವೆಂದು ಖಚಿತವಾದ ಮೇಲೆ ಉಸಿರಕ್ಕ ಹಿರಿಯ ವೈದ್ಯೆಯ ಕೊಠಡಿಗೆ ಹೋಗಿ, ತರಗತಿಯನ್ನು ಮುಚ್ಚುವುದಾಗಿ ಹೇಳಿದರು. ಆ ಕ್ರಮದಲ್ಲಿ ಎಂದೂ ಪೂರ್ತಿ ನಂಬಿಕೆಯಿಡದ ಆ ವೈದ್ಯೆ ಆಗ ಹೇಳಿದ ಮಾತನ್ನು ಉಸಿರಕ್ಕ ಇಂದಿಗೂ ಅಕ್ಷರ ಬಿಡದೆ ಹೇಳುತ್ತಾರೆ: "ಕ್ಲಾಸ್ ಮುಚ್ಚಿ ಅಂತ ನಾನು ಹೇಳಲ್ಲ. ಹೆದರಿಕೆ ತೆಗೆದಿದ್ದೀರಿ, ಅದು ಸರಿ. ಅದರ ಜೊತೆ ಒಂದು ಪದಾನೂ ಅವರ ಬಾಯಿಂದ ತೆಗೆದುಬಿಟ್ಟಿದ್ದೀರಿ. ಅದನ್ನ ವಾಪಸ್ ಕೊಡಿ."

ಆದರೂ ಚಾಪೆಗಳು ಸುತ್ತಿದಂತೆಯೇ ಗೋಡೆಗೊರಗಿದವು. ಇಸ್ತ್ರಿ ಕೋಣೆಗೆ ಬೀಗ ಬಿತ್ತು. ಆಸ್ಪತ್ರೆಯಲ್ಲಿ ಕೆಲವರು ಆ ಬೀಗ ಹಾಗೆಯೇ ಇರಲೆಂದರು; ಅವರ ಭಯ ನ್ಯಾಯವಾದದ್ದೇ. ಸೈಕಲ್ ಅಂಗಡಿಯವನು ಬೀದಿಯಲ್ಲಿ ತಡೆದು, "ಏನಕ್ಕ, ನಿಮ್ಮ ಕಡೆ ಗಾಳಿ ನಿಂತೇ ಹೋಯ್ತಲ್ಲ," ಎಂದಾಗ ಉಸಿರಕ್ಕನಿಗೆ ನಗು ಬರಲಿಲ್ಲ. ಅವರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಅಷ್ಟು ವರ್ಷ ಕಲಿಸಿದ ಸಮಾಧಾನ ಹೆರುವವಳಿಗೆ ಆಸರೆಯೋ, ಬಾಯಿಗೆ ಕಟ್ಟಿದ ಬಟ್ಟೆಯೋ? ಎರಡನೆಯದೇ ನಿಜವಾದರೆ, ತಾವು ತೊಲಗಿಸಿದೆವೆಂದುಕೊಂಡಿದ್ದ ಆ ಹಳೆಯ 'ಕೂಗಬೇಡ' ಎಂಬ ಗದರಿಕೆಯನ್ನೇ ಸಿಹಿ ದನಿಯಲ್ಲಿ ಮತ್ತೆ ಹೇಳಿದಂತಾಯಿತಲ್ಲವೇ? ಈ ಮಾತುಗಳು ನನ್ನವಲ್ಲ. ಅವರೇ ನನ್ನೆದುರು ತಮ್ಮನ್ನು ತಾವು ಕೇಳಿಕೊಂಡಂಥವು.

ಉತ್ತರಕ್ಕಾಗಿ ಅವರು ಹೋದದ್ದು ಹೊಲಿಗೆ ಅಂಗಡಿಯ ಮೇಲಿನ ಮನೆಗೆ. ಕ್ಷಮೆ ಕೇಳಬೇಕೆಂದು ಹೋದರು. ಹುಡುಗಿ ಮಗುವಿಗೆ ಹಾಲೂಡುತ್ತಿದ್ದಳು. ಅತ್ತೆ ಕುಲಾವಿಗೆ ಬಟ್ಟೆ ಕತ್ತರಿಸುತ್ತಿದ್ದರು. ಉಸಿರಕ್ಕ ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲೆ ಹುಡುಗಿ, ಥಿಯೇಟರಿನ ದೀಪದ ಕೆಳಗೆ ಮಲಗಿಸಿದಾಗಲೂ ತಾನು ಉಸಿರು ಬಿಡುತ್ತಲೇ ಇದ್ದೆನೆಂದೂ, ಅದಿಲ್ಲದಿದ್ದರೆ ಹೆದರಿಕೆಯಲ್ಲೇ ಜೀವ ಹೋಗುತ್ತಿತ್ತೆಂದೂ ಹೇಳಿದಳು. "ಉಸಿರು ಬೇಕಕ್ಕ. ಬಾಯಿ ಕಟ್ಟೋದು ಬೇಡ, ಅಷ್ಟೇ."

"ಕ್ಲಾಸ್ ನಿಲ್ಲಿಸಿದ್ರೆ ನನ್ನ ಬಾಯಿ ನಿಮಗೆ ಗೊತ್ತಲ್ಲ," ಎಂದರಂತೆ ಅತ್ತೆ, ಕತ್ತರಿಯಿಂದ ಕಣ್ಣೆತ್ತದೆ.

ಬೀಗ ತೆಗೆದ ದಿನ ಉಸಿರಕ್ಕ ಹೊಸ ತಂಡದೆದುರು ನಿಂತು, ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಆಮೇಲೆ ಎಲ್ಲರಿಗೂ 'ನೋವು' ಎಂದು ಗಟ್ಟಿಯಾಗಿ ಹೇಳಲು ಹೇಳಿದರು. ಮೊದಲು ಯಾರ ಬಾಯಿಂದಲೂ ಹೊರಡಲಿಲ್ಲ. ಆಮೇಲೆ ಒಬ್ಬಳು, ಮತ್ತೊಬ್ಬಳು, ಕೊನೆಗೆ ಇಡೀ ಕೋಣೆ. ಅಂದಿನಿಂದ ಪ್ರತಿ ಹೊಸ ತಂಡದ ಮೊದಲ ಪಾಠ ಅದೇ. ಎರಡನೆಯ ಪಾಠ, ನೋವಿನಲ್ಲಿ ಎರಡು ಜಾತಿ. ಬಂದು ಹೋಗುವುದು ಒಂದು. ಅದಕ್ಕೆ ಉಸಿರಿದೆ, ಥಾನಿದೆ, ಅಲೆಯಿದೆ. ಬಂದು ಹೋಗದೆ ನಿಂತೇಬಿಡುವುದು ಇನ್ನೊಂದು, ಅದಕ್ಕೆ ಉಸಿರಲ್ಲ, ವೈದ್ಯರು ಬೇಕು. ಜೊತೆಯಲ್ಲಿರುವವರು, ಗಂಡನಾಗಲಿ ಅತ್ತೆಯಾಗಲಿ ಅಕ್ಕನಾಗಲಿ, ಪ್ರತಿ ಸಲವೂ ಮೆಲ್ಲಗೆ "ಹೋಯ್ತಾ?" ಎಂದು ಕೇಳಬೇಕು, ಹೆರುವವಳು "ಹೋಯ್ತು" ಎನ್ನಬೇಕು. 'ಹೋಯ್ತು' ಬಾರದಿದ್ದರೆ ಕಾಯಬಾರದು, ಕರೆಯಬೇಕು. ಇಂದು ಆ ವಾರ್ಡಿನಲ್ಲಿ ಈ ತರಗತಿಗೆ ಬಂದವರನ್ನೂ ಬಾರದವರನ್ನೂ ನರ್ಸುಗಳು ಹೀಗೆಯೇ ಕೇಳುತ್ತಾರೆ. ಇದು ಎದೆಬಡಿತ ನೋಡುವ ಉಪಕರಣಗಳ ಜೊತೆಗೆ, ಅವುಗಳ ಬದಲಿಗಲ್ಲ ಎಂಬುದನ್ನು ಹಿರಿಯ ವೈದ್ಯೆ ಈ ಲೇಖನದಲ್ಲಿ ಒತ್ತಿ ಬರೆಯಬೇಕೆಂದಿದ್ದಾರೆ, ಬರೆದಿದ್ದೇನೆ.

ಉಸಿರಕ್ಕನವರ ತಿದ್ದುಪಾಟಿಗೆ ಸಿಕ್ಕ ನಿಜವಾದ ಪ್ರಶಸ್ತಿ ಫಲಕದ ರೂಪದಲ್ಲಿ ಬರಲಿಲ್ಲ. ಹೆಣ್ಣುಮಗು ಶಾಲೆಗೆ ಹೋಗುವಷ್ಟಾದಾಗ ದರ್ಜಿ ಹುಡುಗಿ ಮತ್ತೆ ಬಸುರಿಯಾಗಿ, ಅದೇ ಅತ್ತೆಯೊಂದಿಗೆ, ಅದೇ ಇಸ್ತ್ರಿ ಕೋಣೆಯ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟಳು. ಈ ಸಲ ಆಪರೇಷನ್ನೇ ಕ್ಷೇಮವೆಂದು ವೈದ್ಯೆ ಮೊದಲೇ ತೀರ್ಮಾನಿಸಿ ದಿನ ಗೊತ್ತುಮಾಡಿದ್ದರು. ಆಪರೇಷನ್ನಿಗೆ ಈ ಕಲಿಕೆ ಏಕೆ ಎಂದು ಹೊಸಬಳೊಬ್ಬಳು ಕೇಳಿದಾಗ, "ಮಗು ಬರೋ ದಾರಿ ನೋಡ್ಕೊಂಡು ಹೆದರಿಕೆ ಬರುತ್ತಾ?" ಎಂದು ಅತ್ತೆ ಮರುಪ್ರಶ್ನೆ ಹಾಕಿದರು. ಗೊತ್ತುಮಾಡಿದ ದಿನಕ್ಕೆ ಮೊದಲೇ ಬೇನೆ ಶುರುವಾಯಿತು. ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತೆ ಕೇಳುತ್ತ ಬಂದರು, "ಹೋಯ್ತಾ?" ಸೊಸೆ ಹೇಳುತ್ತ ಬಂದಳು, "ಹೋಯ್ತು." ಥಿಯೇಟರಿನಲ್ಲಿ ಬೆನ್ನಿಗೆ ಸೂಜಿ ಹಾಕುವಾಗ ಉಸಿರಕ್ಕ ಆಕೆಯ ಎದುರು ನಿಂತು ಎರಡೂ ಕೈ ಹಿಡಿದಿದ್ದರು. ಗಂಡುಮಗು ಗಟ್ಟಿಯಾಗಿ ಅತ್ತಾಗ ಆಕೆ ಹೇಳಿದ ಮೊದಲ ಮಾತು: "ಅಕ್ಕ, ರಟ್ಟು ಬಿತ್ತು."

ಕಳೆದ ತಿಂಗಳು ಬೀಳ್ಕೊಡುಗೆಯ ಮುನ್ನಾದಿನ ಇಸ್ತ್ರಿ ಕೋಣೆಯಲ್ಲಿ ಕೆಲವರು ಸೇರಿದ್ದೆವು. ಹಿರಿಯ ವೈದ್ಯೆ ಇದ್ದರು, ದರ್ಜಿ ಅತ್ತೆ ಸೊಸೆ ಇದ್ದರು, ನಾನಿದ್ದೆ. ಉಸಿರಕ್ಕ ಚಾಪೆಗಳನ್ನು ಒಂದೊಂದಾಗಿ ಸುತ್ತಿಡುತ್ತಿದ್ದರು. ಸಹಾಯಕ್ಕೆ ಹೋದರೆ ಬಿಡಲಿಲ್ಲ. ಕೊನೆಯ ಚಾಪೆಯನ್ನು ಸುತ್ತದೆ ಅದರ ಮೇಲೇ ಕುಳಿತುಬಿಟ್ಟರು. ಏನಾಯಿತೆಂದು ಯಾರೋ ಕೇಳಿದಾಗ, ಅಲೆ ಎನ್ನಲಿಲ್ಲ.

"ನೋವಾಗ್ತಿದೆ," ಎಂದರು.

ದರ್ಜಿ ಹುಡುಗಿ ಹತ್ತಿರ ಹೋಗಿ ಕುಳಿತು ಅವರ ಹುಬ್ಬುಗಳ ನಡುವೆ ಬೆರಳಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. "ಹೋಯ್ತಾ?"

ಉಸಿರಕ್ಕ ತಲೆಯಲ್ಲಾಡಿಸಿದರು. "ಇಲ್ಲ. ನಿಂತಿದೆ."

"ನಿಂತ್ರೆ ನನ್ನ ಕರೀಬೇಕು ಅಂತ ನೀವೇ ಕಲಿಸಿದ್ದಲ್ವಾ," ಎಂದು ಹಿರಿಯ ವೈದ್ಯೆ ಕುರ್ಚಿ ಬಿಟ್ಟು ಎದ್ದು, ವಯಸ್ಸಾದ ಮಂಡಿಗಳನ್ನು ಕಷ್ಟದಿಂದ ಮಡಿಸಿ, ಆ ಕೋಣೆಯ ಚಾಪೆಯ ಮೇಲೆ ಮೊದಲ ಬಾರಿಗೆ ಕುಳಿತರು. ಅಲ್ಲೇ ಮಾತಾಯಿತು. ನಿವೃತ್ತಿಯ ನಂತರವೂ ಇಸ್ತ್ರಿ ಕೋಣೆಯ ಬೀಗದ ಕೈ ಉಸಿರಕ್ಕನವರ ಬಳಿಯೇ ಇರಬೇಕು, ತರಗತಿ ನಡೆಯಬೇಕು ಎಂದು ವೈದ್ಯೆ ಹೇಳಿದರು. ಉಸಿರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಹಾಗಿದ್ದರೆ ಈ ಚಾಪೆಗಳನ್ನೆಲ್ಲ ತಮ್ಮಿಂದ ಸುಮ್ಮನೆ ಸುತ್ತಿಸಿದ್ದೇಕೆಂದು ಜಗಳ ತೆಗೆದರು.

ಮಾತು ಕೊಟ್ಟವರನ್ನು ಜನ ನೆನೆಯುತ್ತಾರೆ, ಮಾತಿಗೆ ತಪ್ಪದವರನ್ನು ಗೌರವಿಸುತ್ತಾರೆ. ತೆಗೆದುಕೊಂಡ ಮಾತನ್ನು ಹಿಂದಿರುಗಿಸಿದವರು ಅಪರೂಪ. ಆ ಅಪರೂಪಕ್ಕಾಗಿ ಈ ಅಭಿನಂದನೆ. ಉಸಿರಕ್ಕನವರಿಗೆ ದೀರ್ಘವಾದ, ನಿರಾಳವಾದ ಉಸಿರು ಇರಲಿ. ಅವರು ಸಿದ್ಧಗೊಳಿಸಿದ ಹೊಸ ತಾಯಂದಿರು ಆ ಕೋಣೆಯಿಂದ ಇನ್ನೂ ಹೊರಡುತ್ತಲೇ ಇರಲಿ. ಒಂದು ಮಧ್ಯಾಹ್ನ ನಮ್ಮೆಲ್ಲರನ್ನೂ ನಡುಗಿಸಿದ ಮಾತೊಂದಿದೆ. ಹೆರಿಗೆ ಕೋಣೆಯಲ್ಲಿ ಅದನ್ನು ಯಾರೂ ಮತ್ತೆ ಆಡುವಂತಾಗದಿರಲಿ. ಅವರ ಆಯುಷ್ಯದ ವಿಷಯದಲ್ಲಿ ಮಾತ್ರ ಅದನ್ನೇ ಹಾರೈಕೆಯಾಗಿ ಆಡುತ್ತೇನೆ: ಥಾನು ಮುಗಿಯದಿರಲಿ.